ಕಫದಲ್ಲಿ ರಕ್ತ: ನಿಂತಿತೆಂದು ಸುಮ್ಮನಿರಬೇಡಿ

ಬೆಳಗಿನ ಕೆಮ್ಮಿನೊಡನೆ ಬಂದ ಕಫದಲ್ಲಿ ದಾರದ ಎಳೆಯಷ್ಟು ರಕ್ತ ಕಾಣಿಸುತ್ತದೆ. ಎರಡು ದಿನ ಬಂದು ಮೂರನೆಯ ದಿನ ನಿಂತುಹೋಗುತ್ತದೆ. 'ಉಷ್ಣವಾಗಿರಬೇಕು' ಎಂದು ಎಳನೀರು, ಮಜ್ಜಿಗೆ ಕುಡಿದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ತಂದೆ ತಾಯಿಯರನ್ನು ಬಿಟ್ಟು ಬೆಂಗಳೂರು, ಮೈಸೂರು, ಮುಂಬೈಗಳಲ್ಲಿ ದುಡಿಯುವ ಮಕ್ಕಳಿಗೆ ಇಂಥ ಸಂಗತಿ ತಿಳಿಯುವುದು ಹಬ್ಬಕ್ಕೆ ಊರಿಗೆ ಹೋದಾಗಲೇ. ಆದರೆ ರಕ್ತ ನಿಂತಿತೆಂದ ಮಾತ್ರಕ್ಕೆ ರೋಗ ವಾಸಿಯಾಯಿತೆಂದು ತಿಳಿಯುವಂತಿಲ್ಲ. ಸಣ್ಣ ರಕ್ತನಾಳದ ಬಾಯಿ ಹೆಪ್ಪುಗಟ್ಟಿ ಮುಚ್ಚಿಕೊಂಡರೂ ಅದನ್ನು ಒಡೆದ ರೋಗ ಒಳಗೆ ಹಾಗೆಯೇ ಉಳಿದಿರಬಹುದು.

ರಕ್ತ ಬರುವುದೆಲ್ಲಿಂದ?

ಉಗುಳಿದ ರಕ್ತವೆಲ್ಲ ಶ್ವಾಸಕೋಶದ್ದೇ ಆಗಿರಬೇಕಿಲ್ಲ. ವಸಡಿನಿಂದ ಒಸರಿದ ರಕ್ತ ಹಲ್ಲುಜ್ಜುವಾಗ ಎಂಜಲಿನೊಡನೆ ಬರುತ್ತದೆ. ಮೂಗಿನ ರಕ್ತ ಹಿಂಬದಿಯಿಂದ ಗಂಟಲಿಗೆ ಇಳಿಯುತ್ತದೆ. ಜಠರದ ರಕ್ತ ವಾಂತಿಯಲ್ಲಿ, ಅನೇಕ ವೇಳೆ ಕಾಫಿ ಗಸಿಯ ಬಣ್ಣದಲ್ಲಿ, ಆಹಾರದ ತುಣುಕುಗಳೊಡನೆ ಹೊರಬೀಳುತ್ತದೆ; ಮಲ ಕಪ್ಪಾಗುವುದೂ ಉಂಟು. ಶ್ವಾಸಕೋಶದ ರಕ್ತ ಕೆಮ್ಮಿನೊಡನೆ ಬರುತ್ತದೆ. ಸಾಮಾನ್ಯವಾಗಿ ಕೆಂಪಾಗಿ, ಕೆಲವೊಮ್ಮೆ ನೊರೆಯಾಗಿ, ಕಫದಲ್ಲಿ ಬೆರೆತಿರುತ್ತದೆ. ಯಾವುದೆಂದು ನಿರ್ಧರಿಸುವ ಹೊಣೆ ವೈದ್ಯರದು. ಕಂಡದ್ದನ್ನು ಕಂಡಂತೆ ಹೇಳಿದರೆ ಅವರ ಕೆಲಸ ಸುಲಭವಾಗುತ್ತದೆ.

ಕಾರಣಗಳು ಹಲವು

ಶ್ವಾಸನಾಳದ ಸೋಂಕಿನಿಂದ ಜೋರಾಗಿ ಕೆಮ್ಮಿದಾಗ ರಕ್ತದ ಎಳೆ ಕಾಣಿಸುವುದು ಸಾಮಾನ್ಯ. ಇದು ಬಹುಮಟ್ಟಿಗೆ ಅಪಾಯಕಾರಿಯಲ್ಲ. ನ್ಯುಮೋನಿಯಾ ಇನ್ನೊಂದು ಕಾರಣ. ನಮ್ಮ ದೇಶದಲ್ಲಿ ಮೊದಲು ಅನುಮಾನಿಸಬೇಕಾದುದು ಕ್ಷಯ. ಹಿಂದೆ ಕ್ಷಯ ಬಂದು ಗುಣವಾದವರ ಶ್ವಾಸಕೋಶದಲ್ಲಿ ಉಳಿದ ಗಾಯದ ಗುರುತು, ಹಿಗ್ಗಿದ ಶ್ವಾಸನಾಳ ಅಥವಾ ಅಲ್ಲಿನ ಪೊಳ್ಳಿನಲ್ಲಿ ಬೆಳೆದ ಶಿಲೀಂಧ್ರದಿಂದಲೂ ವರ್ಷಗಳ ನಂತರ ರಕ್ತ ಬರಬಹುದು. ಬೀಡಿ, ಸಿಗರೇಟು ಸೇದುವ ನಡುವಯಸ್ಸು ದಾಟಿದವರಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಮರೆಯುವಂತಿಲ್ಲ. ಹೃದಯದ ಕವಾಟ ಕಿರಿದಾಗಿರುವುದು, ಕಾಲಿನ ರಕ್ತನಾಳದ ಹೆಪ್ಪು ಶ್ವಾಸಕೋಶಕ್ಕೆ ಸೇರುವುದು, ರಕ್ತ ತೆಳುವಾಗಿಸುವ ಮಾತ್ರೆಗಳು ಇತರ ಕಾರಣಗಳು. ಸೌದೆ ಒಲೆ, ಆಲೆಮನೆಗಳ ಹೊಗೆ ಹಳೆಯ ಕೆಮ್ಮನ್ನು ಕೆರಳಿಸುವುದು ನಿಜ. ಆದರೆ ರಕ್ತ ಕಂಡಾಗ ಹೊಗೆಯನ್ನು ದೂರಿ ಕೈಕಟ್ಟಿ ಕುಳಿತುಕೊಳ್ಳಬಾರದು.

ಯಾವಾಗ ವೈದ್ಯರಲ್ಲಿಗೆ?

ಎಳೆಯಷ್ಟೇ ಆದರೂ, ಒಮ್ಮೆಯೇ ಆದರೂ, ಒಂದೆರಡು ದಿನಗಳೊಳಗೆ ವೈದ್ಯರಿಗೆ ತೋರಿಸುವುದು ಕ್ಷೇಮ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಕೆ, ಹಸಿವು ಕುಂದುವಿಕೆ, ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದರೆ, ತಡಮಾಡಲೇಬಾರದು.

ಕಫದ ಬದಲು ಬರಿಯ ರಕ್ತವೇ ಬರತೊಡಗಿದರೆ, ಕೆಲವು ಚಮಚಗಳಿಗಿಂತ ಹೆಚ್ಚಾದರೆ, ಉಸಿರಾಟ ಕಷ್ಟವಾದರೆ, ಎದೆನೋವು, ತಲೆಸುತ್ತು, ಒಂದು ಕಾಲಿನ ಊತ ಇದ್ದರೆ 108ಕ್ಕೆ ಕರೆಮಾಡಬೇಕು. ಇಂಥ ಸ್ಥಿತಿಯಲ್ಲಿ ರಕ್ತ ನಷ್ಟಕ್ಕಿಂತ ಉಸಿರಿನ ದಾರಿ ಕಟ್ಟಿಕೊಳ್ಳುವುದೇ ದೊಡ್ಡ ಅಪಾಯ. ರೋಗಿಯನ್ನು ಅಂಗಾತ ಮಲಗಿಸದೆ, ತುಸು ಮುಂದಕ್ಕೆ ಬಾಗಿಸಿ ಕೂರಿಸಿ ರಕ್ತವನ್ನು ಉಗುಳಲು ಬಿಡಬೇಕು. ಯಾವ ಕಡೆಯ ಶ್ವಾಸಕೋಶದಲ್ಲಿ ರೋಗವಿದೆಯೆಂದು ಮೊದಲೇ ತಿಳಿದಿದ್ದರೆ ಆ ಮಗ್ಗುಲಿಗೆ ಮಲಗಿಸಬಹುದು.

ಕೆಮ್ಮಿನ ಔಷಧದ ಬಾಟಲಿ

ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ನಾಗಮಂಗಲಕ್ಕೆ ಹೊಂದಿಕೊಂಡ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಆ ಸಂಸ್ಥೆ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಪ್ರಸ್ತುತ. ಕ್ಷಯ ಪೀಡಿತರಲ್ಲಿ ಬಹುತೇಕರಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು; ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೂ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ ಮಾತ್ರ. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಳ್ಳಲು ಈ ಅರಿವು ನೆರವಾಯಿತು.

ಔಷಧದಂಗಡಿಯಲ್ಲಿ ಕೇಳಿ ತಂದ ಸಿರಪ್ಪಿಗೆ ಇಂದೂ ಈ ಮಾತು ಅನ್ವಯಿಸುತ್ತದೆ. ಕೆಲವು ಆ್ಯಂಟಿಬಯೋಟಿಕ್‌ಗಳು ಕ್ಷಯವನ್ನು ತಾತ್ಕಾಲಿಕವಾಗಿ ತಗ್ಗಿಸಿ ಪತ್ತೆಯನ್ನು ತಡಮಾಡುತ್ತವೆ. ಆದ್ದರಿಂದ 'ಕಫ ಪರೀಕ್ಷೆ ಮಾಡಿಸಬೇಕೇ, ಎಕ್ಸ್‌ರೇ ಬೇಕೇ' ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ.

ಪರೀಕ್ಷೆ, ಚಿಕಿತ್ಸೆ

ಕ್ಷಯದ ಪರೀಕ್ಷೆಯೂ ಔಷಧವೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆರಂಭಕ್ಕೆ ತಾಲ್ಲೂಕು ಆಸ್ಪತ್ರೆ ಸಾಕು. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರು ದಾರಿ ತೋರಿಸುತ್ತಾರೆ. ಎಂಜಲಿನ ಬದಲು ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಕೊಡಬೇಕು. ಬೆಳಗಿನ ಕಫ ಉತ್ತಮ. ಸಿಬಿನಾಟ್, ಟ್ರೂನಾಟ್ ಯಂತ್ರಗಳು ಕ್ಷಯಾಣುವಿನ ಜೊತೆಗೆ ಮುಖ್ಯ ಔಷಧ ರಿಫಾಂಪಿಸಿನ್‌ಗೆ ಅದು ಬಗ್ಗುವುದೇ ಇಲ್ಲವೇ ಎಂಬುದನ್ನೂ ಕೆಲವೇ ಗಂಟೆಗಳಲ್ಲಿ ತಿಳಿಸುತ್ತವೆ. ಕ್ಷಯವಿಲ್ಲವೆಂದು ವರದಿ ಬಂದರೂ ರಕ್ತ ಮರುಕಳಿಸಿದರೆ ಸಿ.ಟಿ. ಸ್ಕ್ಯಾನ್, ಬ್ರಾಂಕೋಸ್ಕೋಪಿ ಬೇಕಾಗಬಹುದು. ಆಗ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಅಥವಾ ಮೈಸೂರಿನ ದೊಡ್ಡಾಸ್ಪತ್ರೆಗಳಲ್ಲಿ ತಜ್ಞರನ್ನು ಕಾಣಬೇಕು.

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಕೆಲವೇ ವಾರಗಳಲ್ಲಿ ಕೆಮ್ಮು ತಗ್ಗಿ ಮೈಗೆ ಬಲ ಬಂದಾಗ ಮಾತ್ರೆ ಬಿಡುವುದು ದೊಡ್ಡ ತಪ್ಪು. ರೋಗ ಔಷಧಕ್ಕೆ ಬಗ್ಗದಂತಾಗುತ್ತದೆ. ಕೆ.ಆರ್.ಪೇಟೆ ಸೀಮೆಗೂ ಮುಂಬೈಗೂ ಇರುವ ನಂಟು 2020ರ ಲಾಕ್‌ಡೌನ್ ಕಾಲದಲ್ಲಿ ನಾಡಿಗೆಲ್ಲ ತಿಳಿಯಿತು. ಹಾಗೆ ಊರು ಬದಲಿಸುವವರು ಚಿಕಿತ್ಸೆ ನಿಲ್ಲಿಸಬೇಕಿಲ್ಲ. ನಿಕ್ಷಯ್ ನೋಂದಣಿ ಸಂಖ್ಯೆಯ ಆಧಾರದಲ್ಲಿ ಹೋದ ಊರಿನಲ್ಲಿಯೇ ಔಷಧ ಪಡೆಯಬಹುದು. ಪೌಷ್ಟಿಕ ಆಹಾರಕ್ಕಾಗಿ ನೀಡುವ ನೆರವು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿದೆ.

ಮುಚ್ಚಿಡುವುದೇಕೆ?

ಮಗಳ ಮದುವೆಗೆ ಅಡ್ಡಿಯಾದೀತು, ನೆರೆಯವರು ದೂರ ಮಾಡಿಯಾರು ಎಂಬ ಅಂಜಿಕೆ ಇಂದಿಗೂ ಉಳಿದಿದೆ. ಕ್ಷಯಕ್ಕೆ ಮದ್ದೇ ಇಲ್ಲದ ಕಾಲವೊಂದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಕುಟುಂಬವನ್ನೂ ಆ ರೋಗ ಬಿಡಲಿಲ್ಲ. ಅವರ ಹೆಸರಿನ ಕ್ಷಯರೋಗ ಆಸ್ಪತ್ರೆ ಮೈಸೂರಿನಲ್ಲಿ 1921ರಲ್ಲಿ ಆರಂಭವಾಯಿತು. ಅಂದು ಅರಮನೆಗೂ ದೊರೆಯದ ಮದ್ದು ಇಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹಣ ಕೊಡದೆ ದೊರೆಯುತ್ತಿದೆ.

ಮುಂದಿನ ಬಾರಿ ಊರಿಗೆ ಫೋನ್ ಮಾಡಿದಾಗ ಅಪ್ಪನ ಕೆಮ್ಮಿನ ದನಿ ಕೇಳಿಸಿದರೆ, ಎಷ್ಟು ದಿನವಾಯಿತೆಂದೂ ಕಫದ ಬಣ್ಣವೇನೆಂದೂ ವಿಚಾರಿಸಿರಿ. 'ಬಂದಿತ್ತು, ಈಗ ನಿಂತಿದೆ' ಎಂಬ ಉತ್ತರ ಬಂದರೆ ಹಳೆಯ ಎಕ್ಸ್‌ರೇ, ಸೇವಿಸುತ್ತಿರುವ ಮಾತ್ರೆಗಳ ಚೀಟಿಯೊಡನೆ ಮರುದಿನವೇ ಅವರನ್ನು ಆಸ್ಪತ್ರೆಗೆ ಕಳುಹಿಸಿರಿ.