ಏಳು ಡೈಮನ್ ಎಂದ ಯಂತ್ರ

ಬ್ರಿಜ್ ಆಡಲು ನಾಲ್ಕು ಜನ ಬೇಕು, ಆ ನಾಲ್ವರಿಗೂ ಕೂಗಿನ ಪದ್ಧತಿ ಗೊತ್ತಿರಬೇಕು. ಸೂಲಿಬೆಲೆಯಲ್ಲಿ ರಮ್ಮಿಗೆ ಎಷ್ಟು ಕೈ ಬೇಕಾದರೂ ಸಿಕ್ಕಾವು, ಬ್ರಿಜ್‌ಗೆ ನಾಲ್ವರನ್ನು ಕೂಡಿಸುವುದಕ್ಕಿಂತ ಬೆಂಗಳೂರಿನ ಬಸ್ಸು ಹತ್ತುವುದೇ ಸುಲಭ. ಹಾಗಾಗಿ ನನ್ನಂಥ ಚಟದವರು ಫೋನಿನಲ್ಲೇ ಆಡುತ್ತೇವೆ: ಒಂದು ಕುರ್ಚಿ ನಮ್ಮದು, ಉಳಿದ ಮೂರರಲ್ಲೂ ರೋಬೋಟು. ಎಲೆ ಇಳಿಸುವಾಗ ಈ ರೋಬೋಟುಗಳು ಬಲು ಜಾಣ. ಯಾವ ಎಲೆ ಹೋಯಿತು, ಯಾವುದು ಉಳಿಯಿತು ಎಂಬ ಲೆಕ್ಕ ಒಮ್ಮೆಯೂ ತಪ್ಪುವುದಿಲ್ಲ. ಕೂಗುವಾಗ ಮಾತ್ರ ಆಗೀಗ ತಲೆ ಕೆಟ್ಟವರ ಹಾಗೆ ಏನೋ ಅಂದುಬಿಡುತ್ತವೆ. ಲೆಕ್ಕದಲ್ಲಿ ಇಷ್ಟು ಪಕ್ಕಾ ಇರುವ ಯಂತ್ರಕ್ಕೆ ಅಲ್ಲಿ ಏನಾಗುತ್ತದೆ?

ಗೊತ್ತಿಲ್ಲದವರಿಗೆ ಆಟದ ಪರಿಚಯ ಎರಡು ಮಾತಿನಲ್ಲಿ. ಎದುರುಬದುರು ಕೂತ ಇಬ್ಬರು ಒಂದು ಜೋಡಿ, ತಲೆಗೆ ಹದಿಮೂರು ಎಲೆ, ಹದಿಮೂರು ಸುತ್ತು. ಎಲೆ ಇಳಿಸುವ ಮುಂಚೆ ಹರಾಜು. ಯಾವ ರಂಗು ತುರುಫು (ಉಳಿದ ರಂಗುಗಳನ್ನು ಹೊಡೆಯುವ ರಂಗು), ಎಷ್ಟು ಸುತ್ತು ನಮ್ಮವು ಎಂದು ಕೂಗಬೇಕು. ಒಂದು ಎಂದರೆ ಏಳು ಸುತ್ತು, ಏಳು ಎಂದರೆ ಹದಿಮೂರಕ್ಕೆ ಹದಿಮೂರೂ.

ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ, ಗೂಡಿನಿಂದ ನೂಲು ತೆಗೆಯುವ ರೀಲರು ಹೇಳುವ ಬೆಲೆಗೆ ಒಂದೇ ಅರ್ಥ: ಕೆಜಿಗೆ ಇಷ್ಟು ಕೊಡುತ್ತೇನೆ. ಬ್ರಿಜ್ ಕೂಗು ಹಾಗಲ್ಲ. ಅದು ಪಣವೂ ಹೌದು, ಜೊತೆಗಾರನಿಗೆ ಎಲ್ಲರೆದುರೇ ಕಳಿಸಿದ ಸುದ್ದಿಯೂ ಹೌದು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಎಣಿಸಿ, ನನ್ನಲ್ಲಿ ಇಷ್ಟು ಬಲವಿದೆ, ಇಸ್ಪೀಟು ಐದಾದರೂ ಇದೆ ಎಂದೆಲ್ಲ ‘ಒಂದು ಇಸ್ಪೀಟು’ ಎಂಬ ಕೂಗಿನಲ್ಲೇ ಹೇಳಬೇಕು. ಕೆಲವು ಕೂಗುಗಳಿಗಂತೂ ಅವುಗಳ ಹೆಸರಿಗೂ ಅರ್ಥಕ್ಕೂ ನಂಟೇ ಇಲ್ಲ. ಜೊತೆಗಾರ ‘ಒಂದು ನೋ ಟ್ರಂಪ್’ (ತುರುಫಿಲ್ಲದ ಆಟ) ಎಂದ ಮೇಲೆ ನಾನು ‘ಎರಡು ಕಳಾವರ್’ ಎಂದರೆ ಅದು ಕಳಾವರ್ ಮಾತಲ್ಲ. ನಿನ್ನಲ್ಲಿ ಇಸ್ಪೀಟೋ ಆಟೀನೋ ನಾಲ್ಕೆಲೆ ಇದೆಯಾ ಎಂಬ ಪ್ರಶ್ನೆ. ಒಬ್ಬರ ಕೈಗೆ ಬರಬಹುದಾದ ಹದಿಮೂರು ಎಲೆಗಳ ಬಗೆ 63,501 ಕೋಟಿಗೂ ಹೆಚ್ಚು. ಹೇಳಲು ಇರುವ ಮಾತು ಪಾಸು, ಡಬಲ್, ರೀಡಬಲ್ ಸೇರಿ ಬರೀ 38.

ಈ ಮಾತುಗಳನ್ನು ಯಂತ್ರಕ್ಕೆ ಕಲಿಸುವ ಕೆಲಸದಲ್ಲಿ ಹೆಸರು ಮಾಡಿದವರು ಅಮೆರಿಕದ ಮ್ಯಾಥ್ಯೂ ಗಿನ್ಸ್‌ಬರ್ಗ್. ಅವರ ‘ಜಿಐಬಿ’ 1998ರಲ್ಲಿ ಕಂಪ್ಯೂಟರುಗಳ ಬ್ರಿಜ್ ಚಾಂಪಿಯನ್ ಆಯಿತು. ನಾನು ಆರಿಸಿದ ತಂಡವನ್ನು ಯಾವ ಕಂಪ್ಯೂಟರೂ ಸೋಲಿಸದು ಎಂದು 1990ರಲ್ಲಿ ಹತ್ತು ಲಕ್ಷ ಪೌಂಡ್ ಬಾಜಿ ಕಟ್ಟಿದ್ದ ಪಾಕಿಸ್ತಾನ ಮೂಲದ ಆಟಗಾರ ಝಿಯಾ ಮಹಮೂದ್, ಇಂಥ ಪ್ರೋಗ್ರಾಮ್ ಬರುತ್ತಿರುವುದನ್ನು ಕಂಡು 1996ರಲ್ಲೇ ಬಾಜಿ ಹಿಂತೆಗೆದುಕೊಂಡಿದ್ದರು.

ಜಿಐಬಿ ಕೂಗುವ ರೀತಿ ಹೀಗೆ. ಅದರ ಬಳಿ ಸಾವಿರಾರು ನಿಯಮಗಳ ಕೋಶವಿದೆ: ಇಂಥ ಕೈಗೆ ಇಂಥ ಕೂಗು ಎಂದು. ಈವರೆಗಿನ ಕೂಗುಗಳನ್ನು ಕೋಶಕ್ಕೆ ಹೋಲಿಸಿ, ಅವಕ್ಕೆ ಹೊಂದುವ ಹಾಗೆ ಕಾಣದ ಎಲೆಗಳನ್ನು ಉಳಿದ ಮೂವರಿಗೂ ಮತ್ತೆಮತ್ತೆ ಹಂಚಿ ನೋಡುತ್ತದೆ. ಕೂಗಬಹುದು ಎನಿಸಿದ ಒಂದೊಂದು ಮಾತಿಗೂ, ‘ನಾನು ಹೀಗಂದರೆ ಅವರು ಏನನ್ನುತ್ತಾರೆ’ ಎಂದು ಹರಾಜನ್ನು ಕೊನೆಯವರೆಗೆ ನಡೆಸಿ, ಎಲ್ಲರ ಎಲೆ ಬಿಚ್ಚಿಟ್ಟು ಆಡಿಸಿ, ಅಂಕ ಹಾಕುತ್ತದೆ. ಸರಾಸರಿ ಯಾವುದಕ್ಕೆ ಹೆಚ್ಚೋ ಅದನ್ನು ಕೂಗುತ್ತದೆ.

ಯಡವಟ್ಟು ಇರುವುದು ‘ಅವರು ಏನನ್ನುತ್ತಾರೆ’ ಎಂಬಲ್ಲಿ. ಅದಕ್ಕೆ ಉತ್ತರ ಹುಡುಕುವುದೂ ಅದೇ ಕೋಶದಲ್ಲಿ! 2001ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಗಿನ್ಸ್‌ಬರ್ಗ್ ಒಂದು ಸೊಗಸಾದ ಉದಾಹರಣೆ ಕೊಡುತ್ತಾರೆ. ‘ಏಳು ಡೈಮನ್’ ತೀರಾ ಅಪರೂಪದ ಕೂಗು. ಕೋಶ ಬರೆದವರು ಅಲ್ಲೆಲ್ಲೋ ಮೈಮರೆತು, ಯಾರಾದರೂ ಹಾಗೆ ಕೂಗಿದರೆ ಎದುರಾಳಿ ಏನೋ ಪೆದ್ದುತನ ಮಾಡುವಂತೆ ನಿಯಮ ಉಳಿದುಬಿಟ್ಟಿದೆ ಅಂದುಕೊಳ್ಳಿ. ಕೋಶ ನೋಡಿ ಸುಮ್ಮನೆ ಕೂಗುವ ಸಾದಾ ಪ್ರೋಗ್ರಾಮ್ ಈ ತೂತಿಗೆ ವರ್ಷಕ್ಕೊಮ್ಮೆಯೂ ಬೀಳಲಿಕ್ಕಿಲ್ಲ. ಮುಂದಾಲೋಚನೆ ಮಾಡುವ ಜಿಐಬಿ ಮಾತ್ರ ಹುಡುಕಿಕೊಂಡು ಹೋಗಿ ಬೀಳುತ್ತದೆ: ಏಳು ಡೈಮನ್ ಎಂದೆನೋ, ಎದುರಾಳಿ ತಪ್ಪಿದ, ನನಗೆ ಲಾಭ! ಹಾಗಾಗಿ ಪದೇಪದೇ ಅದನ್ನೇ ಕೂಗುತ್ತದೆ. ಎದುರು ಕೂತ ಮನುಷ್ಯನ ತಲೆಯಲ್ಲಿ ಆ ತೂತು ಇಲ್ಲವೇ ಇಲ್ಲ. ಅವನು ಡಬಲ್ ಅಂದು, ದಂಡ ಹೆಚ್ಚಿಸಿ, ಅಂಕ ಬಾಚಿಕೊಳ್ಳುತ್ತಾನೆ. ಯಂತ್ರ ಹೆಚ್ಚು ಯೋಚಿಸಿದಷ್ಟೂ ತನ್ನದೇ ಕೋಶದ ಕೊರತೆಯನ್ನು ಇನ್ನೊಬ್ಬರ ದೌರ್ಬಲ್ಯ ಎಂದು ನಂಬುತ್ತದೆ.

ಜೊತೆಗಾರನ ವಿಷಯದಲ್ಲೂ ಹೀಗೇ. ಕೋಶದ ನಿಯಮಗಳು ತುಸು ಅಂಜುಬುರುಕ ಅನ್ನಿ. ‘ನನ್ನ ಜೊತೆಗಾರ ಪುಕ್ಕಲು, ನಾನೇ ಒಂದು ಮೆಟ್ಟಿಲು ಏರಬೇಕು’ ಎಂದು ಈ ಕಡೆಯ ಯಂತ್ರ ಯೋಚಿಸುತ್ತದೆ. ಆ ಕಡೆಯದೂ ಅದನ್ನೇ ಯೋಚಿಸುತ್ತದೆ. ಇಬ್ಬರು ಪುಕ್ಕಲರು ಸೇರಿ ಒಂದು ಭಂಡ ಜೋಡಿ.

ಇನ್ನೊಂದು ರೋಗ ಇದಕ್ಕಿಂತ ಆಳದ್ದು, ನನ್ನ ಮಟ್ಟಿಗೆ ಇದೇ ಹೆಚ್ಚು ಸ್ವಾರಸ್ಯದ್ದು. ಇಸ್ಪೀಟು ತುರುಫು, ಹನ್ನೆರಡು ಸುತ್ತು ಖಚಿತ. ಹದಿಮೂರನೆಯದು ಆಟೀನಿನಿಂದ ಬರಬೇಕು. ನಮ್ಮ ಕೈಲಿ ಆಟೀನು ಎಕ್ಕ, ಗುಲಾಮ, ಹತ್ತು; ಜೊತೆಗಾರನಲ್ಲಿ ರಾಜ, ಒಂಬತ್ತು, ಎರಡು. ರಾಣಿ ಎಡಗಡೆಯವನ ಹತ್ತಿರ ಇದ್ದರೆ ಗುಲಾಮನನ್ನು ಮುಂದೆ ಬಿಟ್ಟು ಹಿಡಿಯಬಹುದು. ಬಲಗಡೆಯವನ ಹತ್ತಿರ ಇದ್ದರೆ ಜೊತೆಗಾರನ ಕೈಯಿಂದ ಎರಡನ್ನು ಇಳಿಸಿ, ನಮ್ಮ ಹತ್ತನ್ನು ಹಾಕಿ ಗೆಲ್ಲಬಹುದು. ಎಲ್ಲಿದೆ ಎಂದು ಊಹಿಸಬೇಕು, ಅಷ್ಟೇ. ಬೇರೆ ಸುಳಿವಿಲ್ಲದಿದ್ದರೆ ಅರ್ಧಕ್ಕರ್ಧ. ಜೋಡಿ ವಲ್ನರೆಬಲ್ ಅಲ್ಲದಿದ್ದರೆ, ಅಂದರೆ ಬಹುಮಾನವೂ ದಂಡವೂ ಕಡಿಮೆ ಇರುವ ಸರದಿಯಾದರೆ, ಆರು ಕೂಗಿ ನಿಂತವರಿಗೆ 980 ಅಂಕ ಎಲ್ಲೂ ಹೋಗುವುದಿಲ್ಲ. ಏಳು ಕೂಗಿ ಊಹೆ ಸರಿಯಾದರೆ 1,510, ತಪ್ಪಿದರೆ ಎದುರಾಳಿಗೆ 50. ಸರಾಸರಿ 730. ಪಳಗಿದವರು ಆರಕ್ಕೇ ನಿಲ್ಲುತ್ತಾರೆ.

ಯಂತ್ರ ನಿಲ್ಲುವುದಿಲ್ಲ. ಅದು ಹಂಚಿ ನೋಡುವ ಪ್ರತಿ ಆಟದಲ್ಲೂ ಎಲೆಗಳೆಲ್ಲ ಬಿಚ್ಚಿಟ್ಟಿರುತ್ತವಲ್ಲ! ರಾಣಿ ಎಡಕ್ಕಿದ್ದ ಹಂಚಿಕೆಯಲ್ಲಿ ಎಡಕ್ಕೆ ಹಿಡಿಯುತ್ತದೆ, ಬಲಕ್ಕಿದ್ದಲ್ಲಿ ಬಲಕ್ಕೆ. ನೂರು ಸಲ ಹಂಚಿದರೆ ನೂರು ಸಲವೂ 1,510. ಏಳು ಕೂಗದಿರಲು ಅದಕ್ಕೆ ಕಾರಣವೇ ಕಾಣುವುದಿಲ್ಲ. ಒಂದೊಂದು ಹಂಚಿಕೆಯ ಉತ್ತರವೂ ಸರಿ, ಒಟ್ಟು ತೀರ್ಮಾನ ತಪ್ಪು. ನಿಜವಾದ ಆಟದಲ್ಲಿ ರಾಣಿ ಎಲ್ಲಿದೆಯೆಂದು ತಿಳಿಯದೆಯೇ ಒಂದು ದಾರಿ ಹಿಡಿಯಬೇಕು ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಇಯನ್ ಫ್ರಾಂಕ್ ಮತ್ತು ಡೇವಿಡ್ ಬೇಸಿನ್ ಎಂಬ ಸಂಶೋಧಕರು 1998ರಲ್ಲೇ ಈ ದೋಷವನ್ನು ಬಿಡಿಸಿ ತೋರಿಸಿದ್ದರು. ಎದುರಾಳಿಗಳಿಗೂ ಯಂತ್ರ ಅದೇ ದಿವ್ಯದೃಷ್ಟಿ ಕೊಟ್ಟಿರುತ್ತದೆ. ಹಾಗಾಗಿ ನುರಿತವರು ಮಾಡುವಂತೆ ಸುಳಿವು ಬಿಟ್ಟುಕೊಡದೆ ತಟಕ್ಕನೆ ಕೊನೆಯ ಕೂಗಿಗೆ ಹಾರಿ ಅವರನ್ನು ಕತ್ತಲಲ್ಲಿಡುವುದರ ಬೆಲೆ ಅದಕ್ಕೆ ತಿಳಿಯದು. ಎಲ್ಲ ಕಾಣುವವರಿಂದ ಮುಚ್ಚಿಡಲು ಏನಿದೆ?

2022ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ‘ನೂಕ್’ ಎಂಬ ಪ್ರೋಗ್ರಾಮ್ ಎಂಟು ಮಂದಿ ವಿಶ್ವ ಚಾಂಪಿಯನ್ನರನ್ನು ಮೀರಿಸಿ ಆಡಿತು. 80 ಸೆಟ್‌ಗಳಲ್ಲಿ 67 ಅದರದೇ. ಪತ್ರಿಕೆಗಳು ಬ್ರಿಜ್ ಕೋಟೆಯೂ ಬಿತ್ತು ಎಂಬ ಧಾಟಿಯಲ್ಲಿ ಬರೆದವು. ಸಣ್ಣ ಅಕ್ಷರದ ವಿವರ ಬೇರೆ: ಆ ಪಂದ್ಯದಲ್ಲಿ ಹರಾಜನ್ನೇ ಕೈಬಿಟ್ಟಿದ್ದರು. ಎಲೆ ಇಳಿಸುವ ಭಾಗ ಮಾತ್ರ ಪರೀಕ್ಷೆಗೆ ಇತ್ತು.

ನಿಯಮಕೋಶವನ್ನೇ ಕಿತ್ತೊಗೆದು, ಯಂತ್ರ ತನ್ನೊಡನೆ ತಾನೇ ಲಕ್ಷಾಂತರ ಆಟ ಆಡಿ ಕೂಗು ಕಲಿಯಲಿ ಎಂಬುದು ಈಗಿನ ದಾರಿ. ಕಲಿಯುತ್ತದೆ ಕೂಡ. ಆದರೆ ಹಾಗೆ ಕಲಿತ ಭಾಷೆ ಅದರದೇ ಸ್ವಂತ. ಬ್ರಿಜ್ ಕಾನೂನಿನ ಪ್ರಕಾರ ಜೋಡಿಯೊಳಗೆ ಗುಟ್ಟಿನ ಒಪ್ಪಂದ ಇರಕೂಡದು. ‘ನಿಮ್ಮ ಜೊತೆಗಾರರ ಆ ಕೂಗಿಗೆ ಏನರ್ಥ?’ ಎಂದು ಎದುರಾಳಿ ಕೇಳಿದರೆ ಹೇಳಲೇಬೇಕು. ತಾನಾಗಿ ಕಲಿತ ಯಂತ್ರದೊಳಗೆ ಇರುವುದು ರಾಶಿ ರಾಶಿ ಅಂಕಿಗಳು. ಅವನ್ನು ‘ಇಸ್ಪೀಟು ಐದು, ಬಲ ಹನ್ನೆರಡು’ ಎಂಬಂಥ ಮಾತಿಗೆ ಇಳಿಸದ ಹೊರತು, ಎಷ್ಟೇ ಚೆನ್ನಾಗಿ ಕೂಗಿದರೂ ಅದು ಕಾನೂನಿನ ಪ್ರಕಾರ ಮೇಜಿಗೆ ಕೂರುವಂತಿಲ್ಲ.