ಸಾವಿಗೂ ಮೊದಲೇ ಸಿಗುವ ಮುಕ್ತಿ

ಬೆಂಗಳೂರಿನ ಹನುಮಂತನಗರದ ರಾಮಾಂಜನೇಯ ಗುಡ್ಡ ಇಳಿದು ಬುಲ್ ಟೆಂಪಲ್ ರಸ್ತೆಯ ಕಡೆ ನಡೆದರೆ ನರಸಿಂಹರಾಜ ಕಾಲೋನಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸಿಗುತ್ತದೆ. ಡಿ.ವಿ. ಗುಂಡಪ್ಪನವರು 1945ರಲ್ಲಿ ಕಟ್ಟಿದ ಸಂಸ್ಥೆ ಅದು. ‘ಮಂಕುತಿಮ್ಮನ ಕಗ್ಗ’ದ ಡಿವಿಜಿಯನ್ನು ಈ ಭಾಗದಲ್ಲಿ ಅರಿಯದ ಮನೆಯಿಲ್ಲ. ಅದೇ ಡಿವಿಜಿ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಆದರದಿಂದ ಚಿತ್ರಿಸಿದ ಮೈಸೂರಿನ ಪ್ರೊ. ಎಂ. ಹಿರಿಯಣ್ಣನವರ ಹೆಸರು ಮಾತ್ರ ತತ್ತ್ವಶಾಸ್ತ್ರದ ತರಗತಿ ದಾಟಿ ಬರುವುದು ಅಪರೂಪ. ಬರಬೇಕಾದ ಹೆಸರು ಅದು. ಚೆನ್ನಾಗಿ ಬಾಳುವುದೆಂದರೇನು, ಸಾವಿನ ಎದುರು ಆ ಬಾಳಿಗೆ ಏನು ಬೆಲೆ ಎಂಬುದನ್ನು ಅವರಷ್ಟು ತಿಳಿಯಾಗಿ ಬಿಡಿಸಿ ಹೇಳಿದವರು ಕಡಿಮೆ.

1871ರಲ್ಲಿ ಹುಟ್ಟಿದ ಹಿರಿಯಣ್ಣ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ವರ್ಷಗಟ್ಟಲೆ ಮಾಡಿದ ಪಾಠಗಳೇ ಬೆಳೆದು ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ಆಯಿತು. 1932ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆ ಪುಸ್ತಕವನ್ನು ಇವತ್ತಿಗೂ ಓದುತ್ತಾರೆ.

ನಮ್ಮ ದರ್ಶನಗಳು ಬರೀ ಕುತೂಹಲದಿಂದ ಹುಟ್ಟಿದವಲ್ಲ, ಬದುಕಿನ ನೋವು ಮತ್ತು ಕೆಡುಕಿಗೆ ದಾರಿ ಹುಡುಕುವ ಅಗತ್ಯದಿಂದ ಹುಟ್ಟಿದವು ಎಂಬುದು ಅವರ ನಿಲುವು. ಹಾಗಾಗಿ ಅವರಿಗೆ ಪುರುಷಾರ್ಥಗಳ, ಅಂದರೆ ಮನುಷ್ಯ ಅರಸುವ ಗುರಿಗಳ, ವಿಚಾರ ಬಹಳ ಮುಖ್ಯ. ಹಸಿವು, ಸುಖದ ಬಯಕೆ ಪ್ರಾಣಿಗಳಿಗೂ ಉಂಟು. ಮನುಷ್ಯ ತಾನು ಏನನ್ನು ಅರಸುತ್ತಿದ್ದೇನೆ ಎಂದು ತಿಳಿದು ಅರಸುತ್ತಾನೆ. ಅರ್ಥ ಸಾಧನ, ಕಾಮ ಅದರಿಂದ ಪಡೆಯುವ ಸುಖ. ಎರಡಕ್ಕೂ ಅಂಕೆಯಾಗಿ ಧರ್ಮ ನಿಲ್ಲುತ್ತದೆ.

ಮೋಕ್ಷ? ಅದು ಸತ್ತ ಮೇಲಿನ ಮಾತಲ್ಲವೇ ಎಂದು ಯಾರಾದರೂ ಕೇಳಬಹುದು. ಹಿರಿಯಣ್ಣನವರ ಬರಹದ ಅತ್ಯಂತ ಫಲವತ್ತಾದ ಭಾಗ ಇಲ್ಲಿದೆ. ಭಾರತೀಯ ಚಿಂತನೆ ಕ್ರಮೇಣ ಈ ಗುರಿಯನ್ನು ಪರಲೋಕದಿಂದ ಇಹಕ್ಕೆ ಎಳೆದು ತಂದಿತು ಎಂದು ಅವರು ತೋರಿಸುತ್ತಾರೆ. ಬದುಕಿರುವಾಗಲೇ ಸಿಗುವ ಆ ಮುಕ್ತಿಯೇ ಜೀವನ್ಮುಕ್ತಿ. ಹೆಸರು ಹಿಡಿದು ಅದನ್ನು ಒಪ್ಪದ ನ್ಯಾಯ ವೈಶೇಷಿಕರಲ್ಲೂ ಅದಕ್ಕೆ ಸಮನಾದ ಒಂದು ಸ್ಥಿತಿಯನ್ನು ಅವರು ಗುರುತಿಸಿದ್ದಾರೆ. ಹಿರಿಯಣ್ಣನವರ ಜೀವನ್ಮುಕ್ತ ಕಾಡು ಸೇರುವವನಲ್ಲ. ‘ನಾನು, ನನ್ನದು’ ಎಂಬುದನ್ನು ಕಳಚಿಕೊಂಡು ಜನರ ನಡುವೆ ಕೆಲಸ ಮಾಡುವವನು.

ಸಾವಿನ ಬಗ್ಗೆ ಪಾಶ್ಚಾತ್ಯರ ವಾದ ಬೇರೆ ಜಾಡಿನದು. ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ, ಅಂದಮೇಲೆ ಭಯವೇಕೆ ಎಂದು ಗ್ರೀಸಿನ ಎಪಿಕ್ಯೂರಸ್ ಕೇಳಿದ್ದ. ಅಮೆರಿಕದ ತತ್ತ್ವಜ್ಞಾನಿ ಥಾಮಸ್ ನೇಗೆಲ್ 1970ರಲ್ಲಿ ಉತ್ತರ ಕೊಟ್ಟರು: ಸಾವು ಕೆಟ್ಟದ್ದು, ಏಕೆಂದರೆ ಅದು ನಮಗೆ ಸಿಗಬಹುದಾಗಿದ್ದ ಒಳಿತನ್ನು ಕಸಿಯುತ್ತದೆ. ಇಪ್ಪತ್ತರ ಹುಡುಗ ಅಪಘಾತದಲ್ಲಿ ಹೋದರೆ, ತೊಂಬತ್ತರ ಅಜ್ಜ ನಿದ್ದೆಯಲ್ಲಿ ಹೋದುದಕ್ಕಿಂತ ಹೆಚ್ಚು ಸಂಕಟವಾಗುವುದು ಇದಕ್ಕೇ. ಸರಿ, ಆದರೆ ಆ ನಷ್ಟ ತಟ್ಟುವುದು ಯಾವಾಗ? ಸತ್ತವನಿಗೆ ಸತ್ತ ನಂತರವೇ, ಬದುಕಿದ್ದರೆ ಅವನು ಸುಖವಾಗಿರುತ್ತಿದ್ದ ಆ ದಿನಗಳಲ್ಲೇ ಎಂದು ತತ್ತ್ವಜ್ಞಾನಿ ಬೆನ್ ಬ್ರಾಡ್ಲಿ 2009ರ ‘ವೆಲ್‌ಬೀಯಿಂಗ್ ಅಂಡ್ ಡೆತ್’ ಪುಸ್ತಕದಲ್ಲಿ ವಾದಿಸಿದರು.

ಈ ಲೆಕ್ಕ ನಿಂತಿರುವುದು ಒಳಿತು ಯಾವುದು ಎಂಬುದರ ಮೇಲೆ. ಕಠೋಪನಿಷತ್ತಿನ ನಚಿಕೇತ ಸಾವಿನ ಗುಟ್ಟು ಕೇಳಿದಾಗ ಯಮ ಆನೆ, ಕುದುರೆ, ಚಿನ್ನ, ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ಎಲ್ಲವನ್ನೂ ಕೊಡುತ್ತೇನೆ ಎನ್ನುತ್ತಾನೆ. ಇವು ಇಂದ್ರಿಯಗಳ ಕಸುವನ್ನು ಸವೆಸುತ್ತವೆ, ಎಷ್ಟು ದೀರ್ಘವಾದ ಆಯುಷ್ಯವೂ ಸ್ವಲ್ಪವೇ ಎಂದು ಹುಡುಗ ನಿರಾಕರಿಸುತ್ತಾನೆ. ಒಳಿತನ್ನು ವರ್ಷಗಳಲ್ಲಿ ಅಳೆಯುವವನಿಗೆ ಸಾವು ದರೋಡೆ. ಜೀವನ್ಮುಕ್ತನಿಗೆ ಪಡೆಯಬೇಕಾದದ್ದು ಆಗಲೇ ಸಿಕ್ಕಿರುವುದರಿಂದ, ಕಸಿಯಲು ಸಾವಿಗೆ ಹೆಚ್ಚೇನೂ ಉಳಿದಿರುವುದಿಲ್ಲ.

ಆದರೂ ಮಗನನ್ನು ಕಳೆದುಕೊಂಡ ತಾಯಿಗೆ ಈ ಉತ್ತರ ಸಾಲದು. ಜೀವನ್ಮುಕ್ತಿ ನಮ್ಮ ನಮ್ಮ ಸಾವಿಗೆ ಕೊಡುವ ಉತ್ತರ. ಸತ್ತ ಹುಡುಗನಿಗಾದ ನಷ್ಟದ ಮಟ್ಟಿಗೆ ನೇಗೆಲ್ ಮಾತೇ ಸತ್ಯಕ್ಕೆ ಹತ್ತಿರ. ಎರಡನ್ನೂ ಜೊತೆಗಿಟ್ಟು ಓದಬೇಕು. ಹಿರಿಯಣ್ಣ 1950ರಲ್ಲಿ ತೀರಿಕೊಂಡ ಮೇಲೆ ಅವರ ಬಿಡಿ ಪ್ರಬಂಧಗಳನ್ನು ಮೈಸೂರಿನ ಕಾವ್ಯಾಲಯ ಪುಸ್ತಕಗಳಾಗಿ ತಂದಿತು. ಅವುಗಳಲ್ಲಿ ‘ದಿ ಕ್ವೆಸ್ಟ್ ಆಫ್ಟರ್ ಪರ್ಫೆಕ್ಷನ್’ ಚಿಕ್ಕದು, ಹೊಸಬರು ಅಲ್ಲಿಂದ ಶುರುಮಾಡಬಹುದು.