ಬ್ಯಾಂಡಿಗೊಂದು ಕ್ಲಾರಿನೆಟ್: ಆರಿಸುವ ಮುನ್ನ ತಿಳಿಯಬೇಕಾದದ್ದು

ಪ್ರತಿ ವರ್ಷ ಫೆಬ್ರವರಿಯಲ್ಲಿ ಶಾಲೆಗಳು ತೆರೆದ ಕೂಡಲೇ ಅನೇಕ ಮನೆಗಳಿಗೆ ಒಂದು ಚೀಟಿ ಬರುತ್ತದೆ: "ನಿಮ್ಮ ಮಗು ಯಾವ ವಾದ್ಯ ಕಲಿಯಲು ಬಯಸುತ್ತದೆ?" ಆ ಪಟ್ಟಿಯಲ್ಲಿ ಕ್ಲಾರಿನೆಟ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮಗು ಅದಕ್ಕೆ ಗುರುತು ಹಾಕುತ್ತದೆ. ಅಲ್ಲಿಂದ ತಂದೆ ತಾಯಿಯರ ಪ್ರಶ್ನೆಗಳು ಪ್ರಾರಂಭ. ಕೊಳ್ಳಬೇಕೇ, ಬಾಡಿಗೆಗೆ ತರಬೇಕೇ? ಮರದ್ದೋ, ಪ್ಲಾಸ್ಟಿಕ್ಕಿನದೋ? ಊರಿಗೆ ಹೋದಾಗ ಬೆಂಗಳೂರಿನಲ್ಲಿ ಅಗ್ಗವಾಗಿ ಸಿಗುವುದಿಲ್ಲವೇ?

ನಾನು ಕಲಿಸುವುದು ಭಾಷೆ, ಸಂಗೀತವಲ್ಲ. ಆದರೂ ಈ ಪ್ರಶ್ನೆಗಳನ್ನು ಪಾಲಕರು ಮತ್ತೆ ಮತ್ತೆ ಕೇಳುವುದರಿಂದ, ತಿಳಿದ ವಿಷಯಗಳನ್ನು ಒಂದೆಡೆ ಬರೆದಿಡುವುದು ಒಳ್ಳೆಯದೆನಿಸಿತು. ಕಾರಣ ಹಣವೊಂದೇ ಅಲ್ಲ. ಗಾಳಿ ಸೋರುವ ವಾದ್ಯವನ್ನು ಕೈಯಲ್ಲಿ ಹಿಡಿದ ಮಗು, "ನನಗೆ ಸಂಗೀತ ಬರುವುದಿಲ್ಲ" ಎಂದು ನಂಬಿಬಿಡುತ್ತದೆ. ಮನೆಯವರೂ ನಂಬುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆ ನಮ್ಮಲ್ಲಿದೆ. ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ ಎಂಬುದನ್ನೂ ನಾವು ನೆನಪಿಡಬೇಕು.

ನಮಗೆ ಹೊಸದಲ್ಲದ ವಾದ್ಯ

ಕ್ಲಾರಿನೆಟ್ ಪರದೇಶದ ವಾದ್ಯವಾದರೂ ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮ ಊರುಗಳಲ್ಲಿ ಮದುವೆಯ ದಿಬ್ಬಣದ ಮುಂದೆ ಬ್ಯಾಂಡ್ ಸೆಟ್ಟಿನವರು ಚಿತ್ರಗೀತೆ ನುಡಿಸುವಾಗ ಕೇಳುವ ಆ ಏರುದನಿ ಇದರದೇ. ಹಿರಿಯರು ಇದನ್ನು "ಕ್ಲಾರಿಯೋನೆಟ್" ಎನ್ನುತ್ತಾರೆ. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವೂ ಕರ್ನಾಟಕ ಸಂಗೀತದ ವಾದ್ಯವೃಂದವೂ ಇದ್ದವು. ಒಟ್ಟೋ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರರು ಅಲ್ಲಿನ ಪಾಶ್ಚಾತ್ಯ ವೃಂದವನ್ನು ನಡೆಸಿದವರು. ಇಂದಿಗೂ ದಸರಾ ಸಮಯದಲ್ಲಿ ಕರ್ನಾಟಕ ಪೊಲೀಸ್ ಬ್ಯಾಂಡಿನ ವಾದನ ಮೈಸೂರಿನ ಹಬ್ಬದ ಒಂದು ಭಾಗ.

ಶಾಸ್ತ್ರೀಯ ಸಂಗೀತಕ್ಕೂ ಇದು ಒಗ್ಗಿದೆ. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಹಿಂದೂಸ್ತಾನಿ ರಾಗಗಳನ್ನು ಕ್ಲಾರಿಯೋನೆಟ್‌ನಲ್ಲಿ ನುಡಿಸಿ ಹೆಸರಾದವರು. ತಮಿಳುನಾಡಿನ ಎ.ಕೆ.ಸಿ. ನಟರಾಜನ್ ಅವರು ಇದರಲ್ಲಿ ಕರ್ನಾಟಕ ಸಂಗೀತ ನುಡಿಸಿ 2008ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಪಡೆದರು. ಆದ್ದರಿಂದ ಮಗು ಶಾಲೆಯಲ್ಲಿ ಕ್ಲಾರಿನೆಟ್ ಕಲಿತರೆ ನಮ್ಮ ಸಂಗೀತದಿಂದ ದೂರ ಹೋಗುತ್ತದೆ ಎಂಬ ಆತಂಕ ಬೇಡ.

ಇದು ಹೇಗೆ ಕೆಲಸ ಮಾಡುತ್ತದೆ?

ನಾಗಸ್ವರ ಮತ್ತು ಶಹನಾಯಿಯಲ್ಲಿ ಎರಡು ಎಸಳುಗಳು ಒಂದಕ್ಕೊಂದು ಬಡಿದು ನಾದ ಹುಟ್ಟುತ್ತದೆ. ಕ್ಲಾರಿನೆಟ್‌ನಲ್ಲಿ ಒಂದೇ ಎಸಳು. ಅದನ್ನು "ರೀಡ್" ಎನ್ನುತ್ತಾರೆ. ಅದು ಮೌತ್‌ಪೀಸ್ ಎಂಬ ಬಾಯಿತುಂಡಿನ ಮೇಲೆ ಕಂಪಿಸುತ್ತದೆ. ಹಾವಾಡಿಗರ ಪುಂಗಿಯೊಳಗೂ ಒಂಟಿ ಎಸಳೇ ಇರುವುದರಿಂದ, ಪುಂಗಿಯನ್ನು ಕ್ಲಾರಿನೆಟ್‌ನ ದೂರದ ನೆಂಟ ಎನ್ನಬಹುದು!

ಮಕ್ಕಳೇ, ಒಂದು ವಿಶೇಷ ಗಮನಿಸಿ. ಕೊಳಲಿನಲ್ಲಿ "ಸ" ಸ್ವರದ ಬೆರಳು ಹಾಗೇ ಇಟ್ಟು ಜೋರಾಗಿ ಊದಿದರೆ ಮೇಲಿನ "ಸ" ಬರುತ್ತದೆ. ಕ್ಲಾರಿನೆಟ್‌ನಲ್ಲಿ ಹೆಬ್ಬೆರಳಿನ ಕೀಲಿ ಒತ್ತಿದರೆ ಮೇಲಿನ "ಸ"ವನ್ನೂ ದಾಟಿ ಅದರಾಚೆಯ "ಪ" ಬರುತ್ತದೆ. ಇದರ ಕೊಳವೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಗಲವಿದ್ದು, ರೀಡ್ ಇರುವ ತುದಿ ಮುಚ್ಚಿದಂತೆ ವರ್ತಿಸುವುದೇ ಇದಕ್ಕೆ ಕಾರಣ. ಹೀಗಾಗಿ ಕೆಳಗಿನ ಮತ್ತು ಮೇಲಿನ ಸ್ಥಾಯಿಗಳಿಗೆ ಬೆರಳಿನ ಲೆಕ್ಕ ಬೇರೆ ಬೇರೆ. ಮೊದಲ ವರ್ಷ ಮಕ್ಕಳಿಗೆ ಕಷ್ಟವಾಗುವುದು ಈ ಗಡಿ ದಾಟುವಾಗಲೇ. ಇಲ್ಲಿ ವಾದ್ಯ ಸರಿಯಿಲ್ಲದಿದ್ದರೆ ಮಗು ಎಷ್ಟು ಅಭ್ಯಾಸ ಮಾಡಿದರೂ ಸ್ವರ ಕೀರಲಾಗುತ್ತದೆ.

ಯಾವ ಬ್ಯಾಂಡು ಎಂದು ಮೊದಲು ಕೇಳಿ

ನ್ಯೂಜಿಲೆಂಡಿನಲ್ಲಿ "ಬ್ಯಾಂಡ್" ಎಂದರೆ ಹಲವು ಅರ್ಥ. ಇಲ್ಲಿ ಬಹಳ ಪ್ರಬಲವಾಗಿರುವುದು ಬ್ರಾಸ್ ಬ್ಯಾಂಡ್ ಪರಂಪರೆ. ವೆಲ್ಲಿಂಗ್ಟನ್ ಬ್ರಾಸ್ ಅಂಥದೊಂದು ಹೆಸರಾಂತ ತಂಡ. ಆದರೆ ಬ್ರಾಸ್ ಬ್ಯಾಂಡಿನಲ್ಲಿ ಹಿತ್ತಾಳೆಯ ವಾದ್ಯ ಮತ್ತು ತಾಳವಾದ್ಯಗಳಿಗಷ್ಟೇ ಸ್ಥಾನ, ಕ್ಲಾರಿನೆಟ್‌ಗೆ ಇಲ್ಲ. ಪೈಪ್ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಮತ್ತು ಡ್ರಮ್ ಮಾತ್ರ. ಇನ್ನು ಇಲ್ಲಿ "ಮಾರ್ಚಿಂಗ್" ಎಂದರೆ ಹೆಚ್ಚಾಗಿ ಸಮವಸ್ತ್ರ ತೊಟ್ಟ ತಂಡಗಳ ನಡಿಗೆಯ ಸ್ಪರ್ಧೆ. ಅದರಲ್ಲಿ ವಾದ್ಯ ನುಡಿಸುವುದೇ ಇಲ್ಲ!

ಕ್ಲಾರಿನೆಟ್‌ಗೆ ನಿಜವಾದ ಮನೆ ಕಾನ್ಸರ್ಟ್ ಬ್ಯಾಂಡ್. ವಯಲಿನ್‌ಗಳಿಲ್ಲದ ಈ ವೃಂದದಲ್ಲಿ ವಯಲಿನ್‌ಗಳ ಕೆಲಸವನ್ನು ಬಹುಮಟ್ಟಿಗೆ ಕ್ಲಾರಿನೆಟ್‌ಗಳೇ ಮಾಡುತ್ತವೆ. ಆದ್ದರಿಂದ ಹತ್ತು ಮಕ್ಕಳು ಕ್ಲಾರಿನೆಟ್ ಆರಿಸಿದರೂ ಜಾಗ ಸಿಗುತ್ತದೆ. ಕೂತು ನುಡಿಸುವುದನ್ನೂ ಮೆರವಣಿಗೆಯಲ್ಲಿ ನಡೆಯುತ್ತ ನುಡಿಸುವುದನ್ನೂ ಒಂದೇ ತಂಡದಲ್ಲಿ ಕಾಣಬೇಕೆಂದರೆ ನಮ್ಮ ಊರಿನಲ್ಲೇ ನೆಲೆಯಿರುವ ರಾಯಲ್ ನ್ಯೂಜಿಲೆಂಡ್ ಏರ್ ಫೋರ್ಸ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಮಗು ಸೇರುವ ತಂಡ ಸಭಾಂಗಣದಲ್ಲಷ್ಟೇ ನುಡಿಸುತ್ತದೆಯೋ, ಬಯಲಿನಲ್ಲೂ ನಡೆಯುತ್ತದೆಯೋ ಎಂಬುದನ್ನು ಶಿಕ್ಷಕರಲ್ಲಿ ಕೇಳಿದ ಮೇಲೆಯೇ ಅಂಗಡಿಯ ಬಾಗಿಲು ತಟ್ಟಿ.

ಮರವೋ, ಪ್ಲಾಸ್ಟಿಕ್ಕೋ?

ಒಳ್ಳೆಯ ಮರದ ಕ್ಲಾರಿನೆಟ್‌ಗಳನ್ನು ಗ್ರೆನಡಿಲ್ಲಾ ಎಂಬ ಆಫ್ರಿಕಾದ ಕಪ್ಪು ಮರದಿಂದ ಮಾಡುತ್ತಾರೆ. ಇದು ಮೈಸೂರಿನ ಕೆತ್ತನೆ ಕೆಲಸಕ್ಕೆ ಹೆಸರಾದ ನಮ್ಮ ಬೀಟೆ ಮರದ ಕುಲಕ್ಕೇ ಸೇರಿದ್ದು. ಮರದ ವಾದ್ಯ ನೋಡಲು ಚೆಂದ, ನಾದವೂ ಚೆಂದ. ಆದರೆ ಒಳಗೆ ಮಗುವಿನ ಬೆಚ್ಚನೆಯ ತೇವದ ಉಸಿರು, ಹೊರಗೆ ವೆಲ್ಲಿಂಗ್ಟನ್ನಿನ ಚಳಿಗಾಳಿ. ಒಳಭಾಗ ಹಿಗ್ಗಿ ಹೊರಭಾಗ ಹಿಗ್ಗದಿದ್ದಾಗ ಮರ ಸೀಳುತ್ತದೆ. ಹೊಸ ಮರದ ವಾದ್ಯವನ್ನು ಮೊದಲ ಕೆಲವು ವಾರ ದಿನಕ್ಕೆ 15-20 ನಿಮಿಷ ಮಾತ್ರ ನುಡಿಸಿ ನಿಧಾನವಾಗಿ ಪಳಗಿಸಬೇಕಾಗುತ್ತದೆ.

ಪ್ಲಾಸ್ಟಿಕ್ ಎಂದರೆ ಆಟಿಕೆ ಎಂದು ಭಾವಿಸಬೇಡಿ. ಯಮಾಹಾ, ಬಫೆ ಕ್ರ್ಯಾಂಪೋನ್ ಮುಂತಾದ ಹೆಸರಾಂತ ಕಂಪನಿಗಳೇ ಕಲಿಯುವವರಿಗಾಗಿ ಗಟ್ಟಿ ಪ್ಲಾಸ್ಟಿಕ್ಕಿನ ಕ್ಲಾರಿನೆಟ್ ತಯಾರಿಸುತ್ತವೆ. ಯಮಾಹಾ ವೈ.ಸಿ.ಎಲ್. 255 ಇದಕ್ಕೆ ಒಂದು ಉದಾಹರಣೆ. ಇದು ಚಳಿಗೆ ಸೀಳುವುದಿಲ್ಲ, ತೂಕವೂ ಕಡಿಮೆ. ಮೊದಲ ವಾದ್ಯಕ್ಕೂ ಬಯಲಿನ ಮೆರವಣಿಗೆಗೂ ಇದೇ ಸರಿ. ಮಗು ಕೆಲವು ವರ್ಷ ಕಲಿತು ಮುಂದುವರಿದ ಮೇಲೆ ಸಭಾಂಗಣಕ್ಕೆ ಮರದ್ದನ್ನು ಯೋಚಿಸಬಹುದು. ಆಗಲೂ ಹಳೆಯ ಪ್ಲಾಸ್ಟಿಕ್ ವಾದ್ಯವನ್ನು ಮಾರಬೇಡಿ, ಮಳೆಯ ದಿನಕ್ಕೆ ಅದೇ ಆಪದ್ಬಾಂಧವ.

ಒಂದು ಗುಟ್ಟು: ನಾದದಲ್ಲಿ ದೊಡ್ಡ ವ್ಯತ್ಯಾಸ ತರುವುದು ಕೊಳವೆಯಲ್ಲ, ಮೌತ್‌ಪೀಸ್ ಮತ್ತು ರೀಡ್. ಸಾಧಾರಣ ವಾದ್ಯಕ್ಕೆ ಒಳ್ಳೆಯ ಮೌತ್‌ಪೀಸ್ ಹಾಕಿದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ. ರೀಡ್‌ಗಳಿಗೆ ಗಡಸುತನದ ಸಂಖ್ಯೆ ಇರುತ್ತದೆ. ಆರಂಭಕ್ಕೆ ಒಂದೂವರೆ ಅಥವಾ 2, ತುಟಿ ಬಲಿತ ಮೇಲೆ ಎರಡೂವರೆ. ಬೇಸಾಯದಲ್ಲಿ ಬೆಳೆ ತಿರುಗಿಸುವಂತೆ ಮೂರು ನಾಲ್ಕು ರೀಡ್‌ಗಳನ್ನು ಸರದಿಯಲ್ಲಿ ಬಳಸಿದರೆ ಹೆಚ್ಚು ದಿನ ಬಾಳುತ್ತವೆ. ಬಯಲಿನ ಗಾಳಿಗೆ ಬೆತ್ತದಂಥ ಸಸ್ಯದ ರೀಡ್ ಬೇಗ ಒಣಗುವುದರಿಂದ ಅಂಥ ದಿನಕ್ಕೆ ಕೃತಕ ರೀಡ್ ಒಂದು ಇರಲಿ.

ಊರಿನಿಂದ ತರುವವರಿಗೆ

ಭಾರತದಲ್ಲಿ ಬ್ಯಾಂಡ್ ವಾದ್ಯಗಳ ತಯಾರಿಕೆಗೆ ಉತ್ತರ ಪ್ರದೇಶದ ಮೇರಠ್ ಹೆಸರುವಾಸಿ. ಅಲ್ಲಿನ ನಾದಿರ್ ಅಲಿ ಕಂಪನಿ 1885ರಲ್ಲಿ ಸ್ಥಾಪನೆಯಾದದ್ದು. ನಮ್ಮ ದೇಶದಲ್ಲಿ ಕೊಳ್ಳುವಾಗ ಬೆಲೆಗಿಂತ ಮೊದಲು ಮೂರು ವಿಷಯ ನೋಡಿ.

ಮೊದಲನೆಯದು, ಕೀಲಿಗಳ ಕ್ರಮ. ಇಲ್ಲಿನ ಶಾಲೆಗಳಲ್ಲಿ ಕಲಿಸುವುದು 17 ಕೀಲಿ, 6 ಉಂಗುರಗಳ ಬೋಮ್ ಕ್ರಮ. ಇದು 1840ರ ಸುಮಾರಿಗೆ ಫ್ರಾನ್ಸಿನಲ್ಲಿ ರೂಪುಗೊಂಡದ್ದು. ಭಾರತದಲ್ಲಿ ಇನ್ನೂ ಸಿಗುವ ಹಳೆಯ ಆಲ್ಬರ್ಟ್ ಕ್ರಮದ ವಾದ್ಯದಲ್ಲಿ ಬೆರಳಿನ ಲೆಕ್ಕವೇ ಬೇರೆ. ಗಮಕಕ್ಕೆ ಅದು ಒಳ್ಳೆಯದಿರಬಹುದು, ಶಾಲೆಯ ಪಾಠಕ್ಕೆ ಹೊಂದುವುದಿಲ್ಲ.

ಎರಡನೆಯದು, ಶ್ರುತಿ. ಬ್ಯಾಂಡಿಗೆ ಬೇಕಾದದ್ದು ಬಿ-ಫ್ಲಾಟ್ ಕ್ಲಾರಿನೆಟ್, ಉದ್ದ ಸುಮಾರು 66 ಸೆಂ.ಮೀ. ಎ, ಸಿ, ಇ-ಫ್ಲಾಟ್ ಕ್ಲಾರಿನೆಟ್‌ಗಳೂ ಇವೆ, ಅವು ಬೇಡ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ತುಂಬ ಹಳೆಯ ವಾದ್ಯವಾದರೆ ಎಚ್ಚರ. 20ನೇ ಶತಮಾನದ ಮೊದಲ ದಶಕಗಳವರೆಗೆ ಬ್ರಿಟಿಷ್ ಮಿಲಿಟರಿ ಬ್ಯಾಂಡುಗಳ ಶ್ರುತಿ ಇಂದಿನ 440ಕ್ಕಿಂತ ಏರಿದ್ದು, 452ರ ಆಸುಪಾಸಿನಲ್ಲಿತ್ತು. ಇಂಥ ವಾದ್ಯಗಳ ಮೇಲೆ "ಎಚ್.ಪಿ." ಎಂಬ ಇಂಗ್ಲಿಷ್ ಅಕ್ಷರಗಳ ಮುದ್ರೆ ಇರುವುದುಂಟು. ಎಷ್ಟೇ ಪ್ರಯತ್ನಿಸಿದರೂ ಅದು ಇಂದಿನ ಬ್ಯಾಂಡಿನೊಂದಿಗೆ ಶ್ರುತಿ ಸೇರುವುದಿಲ್ಲ.

ಮೂರನೆಯದು, ರಿಪೇರಿ. ಹೆಸರಿಲ್ಲದ ಅತಿ ಅಗ್ಗದ ವಾದ್ಯಗಳ ಕೀಲಿಗಳು ಮೆತ್ತಗಿನ ಲೋಹದ್ದಾಗಿದ್ದು ಬೇಗ ಬಾಗುತ್ತವೆ, ಬಿಡಿಭಾಗಗಳೂ ಸಿಗುವುದಿಲ್ಲ. ಅಗ್ಗದ ಮಾಲು ಮುಗ್ಗಲು ಎಂಬಂತೆ ಆಗುತ್ತದೆ.

ತರುವಾಗ ವಿಮಾನ ನಿಲ್ದಾಣದ ಪತ್ರದಲ್ಲಿ ಮರದ ವಾದ್ಯ ಮತ್ತು ರೀಡ್‌ಗಳನ್ನು ತಪ್ಪದೆ ಘೋಷಿಸಿ. ಮರ ಹಾಗೂ ಸಸ್ಯದ ವಸ್ತುಗಳ ಬಗ್ಗೆ ಈ ದೇಶದ ನಿಯಮ ಬಿಗಿ. ಗ್ರೆನಡಿಲ್ಲಾ ಮರದ ವ್ಯಾಪಾರಕ್ಕೆ 2017ರ ಜನವರಿಯಲ್ಲಿ ಅಂತರರಾಷ್ಟ್ರೀಯ ನಿಯಂತ್ರಣ ಬಂದಿತ್ತು. ಸಿದ್ಧವಾದ ಸಂಗೀತ ವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ದೊರೆಯಿತು.

ಹಳೆಯದನ್ನು ಪರೀಕ್ಷಿಸುವ ಬಗೆ

ಟ್ರೇಡ್ ಮಿಯಲ್ಲಿ ಅಥವಾ ಪರಿಚಯದವರಿಂದ ಹಳೆಯ ವಾದ್ಯ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ನೋಡಿ ಕೊಳ್ಳಿ:

1. ಬಿಡಿಸಿದ ಒಂದೊಂದು ಭಾಗದ ರಂಧ್ರಗಳನ್ನೆಲ್ಲ ಬೆರಳಿನಿಂದ ಮುಚ್ಚಿ, ಒಂದು ತುದಿಗೆ ಅಂಗೈ ಒತ್ತಿ, ಇನ್ನೊಂದು ತುದಿಯಿಂದ ಗಾಳಿ ಎಳೆಯಿರಿ. ಹಿಡಿತ ನಿಂತರೆ ಪ್ಯಾಡುಗಳು ಸರಿ, ಸಡಿಲವಾದರೆ ಎಲ್ಲೋ ಸೋರುತ್ತಿದೆ.
2. ಮರದ್ದಾದರೆ ಬೆಳಕಿಗೆ ಹಿಡಿದು ಸೀಳು ಇದೆಯೇ ನೋಡಿ.
3. ಜೋಡಣೆಯ ಕಾರ್ಕ್ ಪುಡಿಯಾಗಿರಬಾರದು. ಕೀಲಿ ಒತ್ತಿ ಬಿಟ್ಟಾಗ ಚಟ್ಟನೆ ಹಿಂದಿರುಗಬೇಕು.
4. ಬಲ್ಲವರೊಬ್ಬರಿಂದ ಅತಿ ಕೆಳಗಿನ ಸ್ವರವನ್ನೂ, ಅದೇ ಬೆರಳಿಗೆ ಹೆಬ್ಬೆರಳಿನ ಕೀಲಿ ಸೇರಿಸಿ ಬರುವ ಮೇಲಿನ ಸ್ವರವನ್ನೂ ನುಡಿಸಿಸಿ. ಎರಡೂ ಸಲೀಸಾಗಿ ಬಂದರೆ ವಾದ್ಯ ಆರೋಗ್ಯವಾಗಿದೆ.

ಪ್ಯಾಡುಗಳನ್ನೆಲ್ಲ ಬದಲಿಸಬೇಕಾದರೆ ಆ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಮೊದಲ ವರ್ಷ ಶಾಲೆಯಿಂದ ಅಥವಾ ಅಂಗಡಿಯಿಂದ ಬಾಡಿಗೆಗೆ ತರುವುದು ಎಲ್ಲಕ್ಕಿಂತ ಜಾಣತನ. ಮಗುವಿನ ಆಸಕ್ತಿ ಉಳಿಯುತ್ತದೆಯೇ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ.

ಮಗುವಿನ ಕೈ ಅಳತೆ

ಬೆರಳ ತುದಿ ರಂಧ್ರಗಳನ್ನು ಪೂರ್ತಿ ಮುಚ್ಚಬೇಕು, ಮುಂದಿನ ಹಲ್ಲುಗಳು ಹುಟ್ಟಿ ಗಟ್ಟಿಯಾಗಿರಬೇಕು. ಸಾಮಾನ್ಯವಾಗಿ 9-10 ವರ್ಷದ ಹೊತ್ತಿಗೆ ಇದು ಸಾಧ್ಯ. ಅದಕ್ಕಿಂತ ಚಿಕ್ಕವರಿಗೆ ರೆಕಾರ್ಡರ್ ಒಳ್ಳೆಯ ಮೊದಲ ಮೆಟ್ಟಿಲು. ವಾದ್ಯದ ಭಾರವೆಲ್ಲ ಬಲಗೈ ಹೆಬ್ಬೆರಳಿನ ಮೇಲೆ ಬೀಳುವುದರಿಂದ ಪುಟ್ಟ ಕೈಗಳಿಗೆ ಕುತ್ತಿಗೆಯ ಪಟ್ಟಿ ಹಾಕಿಸಿ. ಬಯಲಿನಲ್ಲಿ ನುಡಿಸುವವರು ಮೆಲ್ಲನೆ ಹಿಮ್ಮಡಿಯಿಂದ ಬೆರಳಿಗೆ ಪಾದ ಉರುಳಿಸಿ ನಡೆಯುವುದನ್ನು ಕಲಿಯಬೇಕು. ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಮೌತ್‌ಪೀಸ್ ಹಲ್ಲಿಗೆ ಬಡಿಯುತ್ತದೆ. ಚಳಿಯಲ್ಲಿ ಶ್ರುತಿ ಇಳಿಯುತ್ತದೆ. ಹಾಗಾಗಿ ಮೆರವಣಿಗೆಗೆ ಮುನ್ನ ವಾದ್ಯದೊಳಗೆ ಬೆಚ್ಚನೆಯ ಉಸಿರು ಬಿಟ್ಟು ಸಿದ್ಧವಾಗಬೇಕು.

ನುಡಿಸಿದ ಮೇಲೆ ಪ್ರತಿ ಸಲ ಒಳಗೆ ಬಟ್ಟೆ ಎಳೆದು ಒರೆಸುವುದು, ರೀಡ್ ತೆಗೆದು ಅದರ ಡಬ್ಬಿಯಲ್ಲಿಡುವುದು, ವಾರಕ್ಕೊಮ್ಮೆ ಮೌತ್‌ಪೀಸನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯುವುದು: ಈ ಮೂರನ್ನು ಮಕ್ಕಳೇ ಮಾಡಲಿ. ಮಳೆಯಲ್ಲಿ ಪ್ಲಾಸ್ಟಿಕ್ ಕೊಳವೆಗೆ ಏನೂ ಆಗದಿದ್ದರೂ ಪ್ಯಾಡುಗಳು ನೆನೆದು ಊದಿಕೊಳ್ಳುತ್ತವೆ ಎಂಬುದು ನೆನಪಿರಲಿ.

ಮನೆಯ ಹಾಡು, ಬ್ಯಾಂಡಿನ ವಾದ್ಯ

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. ಬಿ-ಫ್ಲಾಟ್ ಕ್ಲಾರಿನೆಟ್‌ನಲ್ಲಿ ಪುಸ್ತಕದ "ಸಿ" ನುಡಿಸಿದರೆ ಕೇಳುವುದು "ಬಿ-ಫ್ಲಾಟ್". ಆದ್ದರಿಂದ ಮನೆಯಲ್ಲಿ ಅಮ್ಮ ಹಾರ್ಮೋನಿಯಂನ ಬಿಳಿ ಒಂದನ್ನು "ಸ" ಮಾಡಿಕೊಂಡು ಹಾಡುವಾಗ, ನೀವು ಪುಸ್ತಕದ "ಡಿ"ಯನ್ನು "ಸ" ಎಂದು ಹಿಡಿಯಿರಿ. ಶ್ರುತಿ ಸೇರುತ್ತದೆ. ಬ್ಯಾಂಡಿನಲ್ಲಿ ಕಲಿತ ಬೆರಳುಗಳಿಂದಲೇ ಮೋಹನ ರಾಗದ ಐದು ಸ್ವರ ನುಡಿಸಿ ನೋಡಿ. ಶಾಲೆಯ ಸಭಾಂಗಣದಲ್ಲಿ ಒಂದು ಸಂಗೀತ, ದೀಪಾವಳಿಯ ವೇದಿಕೆಯಲ್ಲಿ ಇನ್ನೊಂದು. ವಾದ್ಯ ಒಂದೇ, ಉಸಿರೂ ಒಂದೇ.

ಪಾಲಕರೇ, ಅತಿ ದುಬಾರಿ ವಾದ್ಯ ಬೇಕಿಲ್ಲ. ಸೋರದ, ಶ್ರುತಿ ಸೇರುವ, ಮಗುವಿನ ಕೈಗೆ ಹೊಂದುವ ವಾದ್ಯವೊಂದು ಸಾಕು. ಕೀರಲು ಸ್ವರ ಕೇಳಿದಾಗ ಮಗುವನ್ನು ಬೈಯುವ ಮುನ್ನ ಪ್ಯಾಡುಗಳನ್ನು ಒಮ್ಮೆ ನೋಡಿ. ಎಲ್ಲ ಮಕ್ಕಳಿಗೂ ಶುಭವಾಗಲಿ.